ಟೇಕ್ ಆಫ್: ನೆಲದ ಅರ್ಥ, ಮುಗಿಲಿನ ಅರ್ಥ

18ನೇ ಶತಮಾನದ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಫೂಟ್ ಎಂಬ ನಟನಿದ್ದ. ಊರಿನ ದೊಡ್ಡ ಮನುಷ್ಯರ ನಡಿಗೆ, ದನಿ, ಮುಖಭಾವಗಳನ್ನು ರಂಗದ ಮೇಲೆ ತಂದಿಟ್ಟು ಜನರನ್ನು ನಗಿಸುವುದು ಅವನ ಕಸುಬು. ಒಮ್ಮೆ ಅವನ ಕಣ್ಣು ನಿಘಂಟುಕಾರ ಡಾ. ಸ್ಯಾಮ್ಯುಯೆಲ್ ಜಾನ್ಸನ್ ಅವರ ಮೇಲೆ ಬಿತ್ತು. ಜಾನ್ಸನ್ ಭಾರೀ ಮೈಕಟ್ಟಿನವರು, ಮಾತಾಡುವಾಗ ಮೈ ತೂಗುವ ಅಭ್ಯಾಸ ಬೇರೆ. ಅಣಕಕ್ಕೆ ಹೇಳಿ ಮಾಡಿಸಿದ ವ್ಯಕ್ತಿತ್ವ. ಸುದ್ದಿ ಜಾನ್ಸನ್ ಕಿವಿಗೂ ಬಿತ್ತು. ಪುಸ್ತಕ ವ್ಯಾಪಾರಿ ಥಾಮಸ್ ಡೇವಿಸ್ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವರು, ಓಕ್ ಮರದ ದೊಣ್ಣೆಗೆ ಸಾಮಾನ್ಯವಾಗಿ ಎಷ್ಟು ಬೆಲೆ ಎಂದು ಕೇಳಿದರು. ಆರು ಪೆನ್ಸ್ ಎಂಬ ಉತ್ತರ ಬಂತು. ಹಾಗಾದರೆ ಆಳನ್ನು ಕಳಿಸಿ ನನಗೊಂದು ಶಿಲಿಂಗ್ ಬೆಲೆಯದ್ದನ್ನೇ ತರಿಸಿ ಎಂದರು ಜಾನ್ಸನ್. ಒಂದು ಶಿಲಿಂಗ್ ಎಂದರೆ ಹನ್ನೆರಡು ಪೆನ್ಸ್, ಅಂದರೆ ಎರಡರಷ್ಟು ಬೆಲೆಯ ದೊಣ್ಣೆ. ಫೂಟ್ ತನ್ನನ್ನು 'ಟೇಕ್ ಆಫ್' ಮಾಡಲು ಹೊರಟಿದ್ದಾನಂತೆ, ಅದಕ್ಕೆ ತಕ್ಕ ಸಿದ್ಧತೆ ಬೇಕಲ್ಲ ಎಂಬುದು ಅವರ ವಾದ. ಮಾತು ಫೂಟ್‌ನನ್ನು ಮುಟ್ಟಿತು. ಅಣಕದ ಆಟ ಅಲ್ಲಿಗೇ ನಿಂತಿತು. ಈ ಪ್ರಸಂಗವನ್ನು ಜೇಮ್ಸ್ ಬಾಸ್ವೆಲ್ 1791ರಲ್ಲಿ ಪ್ರಕಟಿಸಿದ ಜಾನ್ಸನ್ ಜೀವನಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ.

ಇವತ್ತಿನ ಓದುಗರಿಗೆ ಇಲ್ಲಿ ಒಂದು ತೊಡಕು ಎದುರಾಗುತ್ತದೆ. 'ಟೇಕ್ ಆಫ್' ಎಂದೊಡನೆ ನಮ್ಮ ಕಣ್ಣಿಗೆ ಬರುವುದು ರನ್‌ವೇ ಬಿಟ್ಟು ಮೇಲೇಳುವ ವಿಮಾನ. ಜಾನ್ಸನ್ ಕಾಲದಲ್ಲಿ ವಿಮಾನವೇ ಇರಲಿಲ್ಲ. ಆದರೆ ಆ ಎರಡು ಪದಗಳಿಗೆ ಅಣಕಿಸು ಎಂಬ ಅರ್ಥ ಆಗಲೇ ಚಾಲ್ತಿಯಲ್ಲಿತ್ತು. ಅದೇ ಎರಡು ಪದಗಳು ಇಂದು ಬೂಟು ಬಿಚ್ಚುವುದಕ್ಕೂ ಬರುತ್ತವೆ, ಬೆಲೆಯಲ್ಲಿ ರಿಯಾಯಿತಿ ಕೊಡುವುದಕ್ಕೂ ಬರುತ್ತವೆ, ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದಕ್ಕೂ, ಹೊಸ ವ್ಯಾಪಾರ ಕುದುರುವುದಕ್ಕೂ, ಒಂದು ದೇಶದ ಅರ್ಥವ್ಯವಸ್ಥೆ ಚಿಗುರುವುದಕ್ಕೂ ಬರುತ್ತವೆ. ಇವುಗಳಲ್ಲಿ ಕೆಲವು ವಾಚ್ಯಾರ್ಥ, ಅಂದರೆ ಪದದ ನೇರ ಅರ್ಥ; ಕೆಲವು ಲಕ್ಷ್ಯಾರ್ಥ, ಅಂದರೆ ಅದರಿಂದ ಬೆಳೆದ ಅರ್ಥ. ಶಾಲೆಯ ಇಂಗ್ಲಿಷ್ ಪುಸ್ತಕ ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠಕ್ಕೆ ಕೊಡುತ್ತದೆ. ಪಟ್ಟಿಯಿಂದ ಭಾಷೆ ಬರುವುದಿಲ್ಲ. ಪ್ರತಿ ಲಕ್ಷ್ಯಾರ್ಥದ ಕೆಳಗೂ ಕೈಯಿಂದ ಮುಟ್ಟಬಹುದಾದ ಒಂದು ವಾಚ್ಯ ಕ್ರಿಯೆ ಇರುತ್ತದೆ. ಅದನ್ನು ಕಂಡವರಿಗೆ ಮಾತು ವಶವಾಗುತ್ತದೆ. ಅದನ್ನು ಮರೆತವರು ಮಾತಿನಲ್ಲಷ್ಟೇ ಅಲ್ಲ, ವಿಚಾರದಲ್ಲೂ ದಾರಿ ತಪ್ಪುತ್ತಾರೆ.

ವೈಕಿಂಗರು ತಂದ ಪದ

'ಟೇಕ್' ಇಂಗ್ಲಿಷಿನ ಮೂಲ ಸೊತ್ತಲ್ಲ. ಹಳೆಯ ಇಂಗ್ಲಿಷಿನಲ್ಲಿ ತೆಗೆದುಕೊ ಎನ್ನಲು 'ನಿಮನ್' ಎಂಬ ಪದವಿತ್ತು. ಜರ್ಮನ್ನಿನ 'ನೇಮೆನ್' ಅದರ ದಾಯಾದಿ. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತ ವೈಕಿಂಗರು 'ಟಾಕ' ಎನ್ನುತ್ತಿದ್ದರು. ನೆರೆಹೊರೆಯ ಬಳಕೆಯಲ್ಲಿ ಟಾಕ ಮೆಲ್ಲಗೆ ಒಳಗೆ ಬಂದು ನಿಮನ್ ಅನ್ನು ಹೊರದೂಡಿತು. ನಿಮನ್‌ನ ಕುರುಹು ಈಗ ಉಳಿದಿರುವುದು ಮರಗಟ್ಟಿದ ಕೈಕಾಲಿಗೆ ಹೇಳುವ 'ನಂಬ್', ಚುರುಕಾದ ಕೈಗೆ ಹೇಳುವ 'ನಿಂಬಲ್' ಮೊದಲಾದ ಪದಗಳಲ್ಲಿ.

ಇನ್ನು 'ಆಫ್'. 'ಬ್ಯಾಂಕ್ ಆಫ್ ಬರೋಡಾ'ದ ಆಫ್ ಮತ್ತು 'ಸ್ವಿಚ್ ಆಫ್'ನ ಆಫ್ ಇಂಗ್ಲಿಷಿನಲ್ಲಿ ಬೇರೆ ಬೇರೆ ಕಾಗುಣಿತದ ಪದಗಳು. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ. ಇತಿಹಾಸವೂ ಹಾಗೆಯೇ ಹೇಳುತ್ತದೆ: ಅವು ಮೊದಲಿಗೆ ಒಂದೇ ಪದ. ದೂರಕ್ಕೆ, ಅಲ್ಲಿಂದ ಆಚೆಗೆ ಎಂಬುದು ಅದರ ಅರ್ಥ. ಒತ್ತಿ ಹೇಳಿದಾಗ ಒಂದು ರೂಪ, ಒತ್ತಿಲ್ಲದೆ ಹೇಳಿದಾಗ ಇನ್ನೊಂದು ರೂಪ ಎಂಬಂತೆ ಕವಲೊಡೆದು, 17ನೇ ಶತಮಾನದ ಹೊತ್ತಿಗೆ ಕಾಗುಣಿತದಲ್ಲೂ ಬೇರೆಯಾದವು.

ಹಾಗಾಗಿ 'ಟೇಕ್ ಆಫ್' ಎಂಬುದರ ತಾಯಿಬೇರು ಬಹಳ ಸರಳ. ಒಂದಕ್ಕೆ ಅಂಟಿಕೊಂಡಿರುವ ಇನ್ನೊಂದನ್ನು ಹಿಡಿದು ಅಲ್ಲಿಂದ ಆಚೆ ತರುವುದು. ಕಾಲಿಗೆ ಬೂಟು ಅಂಟಿದೆ, ತೆಗೆ. ಪಾತ್ರೆಯ ಮೇಲೆ ಮುಚ್ಚಳವಿದೆ, ತೆಗೆ. ಮುಂದಿನ ಅರ್ಥಗಳೆಲ್ಲ ಇದರ ಮೇಲೆ ಕಟ್ಟಿದ ಮಹಡಿಗಳು. ಬೆಲೆಗೆ ಅಂಟಿದ ಹತ್ತು ರೂಪಾಯಿಯನ್ನು ಬಿಡಿಸಿದರೆ ರಿಯಾಯಿತಿ. ಕೆಲಸದ ವಾರದಿಂದ ಒಂದು ದಿನವನ್ನು ಬಿಡಿಸಿಕೊಂಡರೆ ರಜೆ. ಒಬ್ಬನ ಮೇಲಿಂದ ಅವನ ಚಹರೆಯ ಪಡಿಯಚ್ಚು ತೆಗೆದರೆ ಅಣಕ. ಫೂಟ್ ಮಾಡಹೊರಟಿದ್ದು ಇದನ್ನೇ. ತನ್ನನ್ನೇ ತಾನು ಇರುವ ಜಾಗದಿಂದ ಬಿಡಿಸಿಕೊಂಡು ನಡೆದರೆ, ಅದು ಹೇಳದೆ ಕೇಳದೆ ಹೊರಟುಹೋಗುವುದು. ಭಾರವಾದ ಒಂದು ದೇಹ ತನ್ನನ್ನು ನೆಲದಿಂದಲೇ ಬಿಡಿಸಿಕೊಂಡರೆ, ಅದು ಹಾರಾಟ.

ಜಾನ್ಸನ್ ಕಂಡ ಕಷ್ಟ, ಕನ್ನಡಿಗರ ಕೈಯಲ್ಲಿರುವ ಕೀಲಿ

1755ರಲ್ಲಿ ಹೊರಬಂದ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಜಾನ್ಸನ್ ಈ ಬಗೆಯ ಜೋಡಿಪದಗಳ ಬಗ್ಗೆ ಬರೆದಿದ್ದಾರೆ. ಕ್ರಿಯಾಪದದ ಹಿಂದೆ ಒಂದು ಪುಟ್ಟ ಪದ ಸೇರಿಸಿ ಅರ್ಥವನ್ನೇ ತಿರುಗಿಸುವ ಪದ್ಧತಿ ಇಂಗ್ಲಿಷಿನಲ್ಲಿ ಬೇರೆ ಭಾಷೆಗಳಿಗಿಂತ ಹೆಚ್ಚು, ಹೊರನಾಡಿನವರಿಗೆ ಅತಿ ದೊಡ್ಡ ಕಷ್ಟ ಇದೇ ಎಂಬುದು ಅವರ ಅಭಿಪ್ರಾಯ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ 'ಟೇಕ್ ಆಫ್' ಕೂಡ ಇದೆ. ಅರ್ಥ: ನಕಲು ಮಾಡು. ಈ ಜೋಡಿಪದಗಳಿಗೆ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು ಬಳಕೆಗೆ ತಂದದ್ದು ಲೋಗನ್ ಪಿಯರ್ಸಲ್ ಸ್ಮಿತ್, 1925ರ ತಮ್ಮ 'ವರ್ಡ್ಸ್ ಅಂಡ್ ಈಡಿಯಮ್ಸ್' ಪುಸ್ತಕದಲ್ಲಿ. ಇಂಗ್ಲಿಷರು ಶತಮಾನಗಳಿಂದ ದಿನವಿಡೀ ಆಡುತ್ತಿದ್ದ ಮಾತಿಗೆ ಹೆಸರು ಸಿಕ್ಕಿದ್ದು ಅಷ್ಟು ತಡವಾಗಿ.

ಜಾನ್ಸನ್ ಹೇಳಿದ ಕಷ್ಟ ನಿಜ. ಆದರೆ ಕನ್ನಡ ಆಡುವವರಿಗೆ ಅದರ ಅರ್ಧ ಕೀಲಿ ಮನೆಯಲ್ಲೇ ಸಿಗುತ್ತದೆ. ನಮ್ಮ 'ತೆಗೆ' ಎಂಬ ಒಂದೇ ಕ್ರಿಯಾಪದವನ್ನು ನೋಡಿ. ಚಪ್ಪಲಿ ತೆಗೆಯುತ್ತೇವೆ, ಬಾಗಿಲು ತೆಗೆಯುತ್ತೇವೆ, ಊಟವಾದ ಮೇಲೆ ಎಲೆ ತೆಗೆಯುತ್ತೇವೆ. ಇವು ಕೈಯಿಂದ ಮಾಡುವ ಕೆಲಸಗಳು. ಅದೇ ಉಸಿರಿನಲ್ಲಿ ಫೋಟೊ ತೆಗೆಯುತ್ತೇವೆ, ಬ್ಯಾಂಕಿನಲ್ಲಿ ಸಾಲ ತೆಗೆಯುತ್ತೇವೆ, ಮಗಳು ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆಯುತ್ತಾಳೆ. ನೆಂಟರ ಮದುವೆಯಲ್ಲಿ ಒಬ್ಬರು ತಗಾದೆ ತೆಗೆಯುತ್ತಾರೆ, ಇನ್ನೊಬ್ಬರು ನಾಲ್ಕು ಜನರ ಮುಂದೆ ಮಾನ ತೆಗೆಯುತ್ತಾರೆ, ನಿದ್ದೆಗೆಟ್ಟ ಮಗು ರಾಗ ತೆಗೆಯುತ್ತದೆ. ಕನ್ನಡ ಕಲಿಯಲು ಹೊರಟ ಹೊರಗಿನವರಿಗೆ ಇದನ್ನು ಪಟ್ಟಿ ಮಾಡಿ ಕೊಟ್ಟರೆ ತಲೆ ತಿರುಗೀತು. ನಮಗೆ ತೊಡಕಾಗುವುದಿಲ್ಲ. ಒಳಗಿದ್ದದ್ದು ಹೊರಬರುವುದು, ಅಂಟಿದ್ದದ್ದು ಬಿಡುವುದು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಮೊದಲೇ ಇದೆ. ಫೋಟೊದಿಂದ ಮಾನದವರೆಗೆ ಎಲ್ಲದರಲ್ಲೂ ಅದೇ ಚಿತ್ರ ಕೆಲಸ ಮಾಡುತ್ತದೆ.

ಇನ್ನೊಂದು ಹೋಲಿಕೆಯೂ ಇದೆ. ಇಂಗ್ಲಿಷ್ ಕ್ರಿಯಾಪದದ ಹಿಂದೆ ಪುಟ್ಟ ಪದ ಇಟ್ಟರೆ, ಕನ್ನಡ ಇನ್ನೊಂದು ಕ್ರಿಯಾಪದವನ್ನೇ ಇಡುತ್ತದೆ. 'ಹೇಳು' ಬೇರೆ, 'ಹೇಳಿಬಿಡು' ಬೇರೆ. 'ತಿಂದ' ಬೇರೆ, 'ತಿಂದುಹಾಕಿದ' ಬೇರೆ. 'ಮಾಡು' ಬೇರೆ, 'ಮಾಡಿ ನೋಡು' ಬೇರೆ. ಹಸುವಿನ ಹಗ್ಗ ಬಿಡುವಾಗಿನ 'ಬಿಡು' ಮತ್ತು 'ಹೇಳಿಬಿಡು'ವಿನ 'ಬಿಡು' ಒಂದೇ. ಕಟ್ಟಿ ಹಿಡಿದದ್ದನ್ನು ಸಡಿಲಿಸುವ ಭಾವ ಎರಡರಲ್ಲೂ ಇದೆ. ಈ ಅರಿವಿದ್ದವರಿಗೆ ಇಂಗ್ಲಿಷಿನ ಆಫ್, ಅಪ್, ಔಟ್‌ಗಳು ಪರಕೀಯ ಎನಿಸಬೇಕಾಗಿಲ್ಲ.

ನೆಲ ಬಿಡುವ ಕ್ಷಣ

ಹಾರಾಟದ ಅರ್ಥ ವಿಮಾನಕ್ಕಿಂತ ಮೊದಲು ಕುದುರೆಗೆ, ಜಿಗಿತಗಾರನಿಗೆ ಸೇರಿದ್ದು. 19ನೇ ಶತಮಾನದ ಇಂಗ್ಲಿಷಿನಲ್ಲಿ ಬೇಲಿ ದಾಟುವ ಕುದುರೆ, ಉದ್ದ ಜಿಗಿತದ ಕ್ರೀಡಾಪಟು ನೆಲಕ್ಕೆ ಕೊನೆಯ ಬಾರಿ ಕಾಲೊತ್ತುವ ಜಾಗ ಮತ್ತು ಗಳಿಗೆಗೆ ಟೇಕ್ ಆಫ್ ಎನ್ನುತ್ತಿದ್ದರು. ಕ್ರೀಡಾಂಗಣದಲ್ಲಿ ಆ ಬಳಕೆ ಇಂದಿಗೂ ಇದೆ. ಉದ್ದ ಜಿಗಿತದ ಟೇಕ್ ಆಫ್ ಹಲಗೆ 20 ಸೆಂಟಿಮೀಟರ್ ಅಗಲದ್ದು. ನಲವತ್ತು ಮೀಟರ್ ಆಸುಪಾಸು ಶಕ್ತಿಮೀರಿ ಓಡಿ ಬಂದವರು ಆ ಕಿರಿದಾದ ಹಲಗೆಯ ಮೇಲೆ ಕರಾರುವಾಕ್ಕಾಗಿ ಕಾಲಿಡಬೇಕು. ಗೆರೆ ದಾಟಿದರೆ ಜಿಗಿತ ಎಷ್ಟೇ ದೂರ ಹೋಗಿರಲಿ, ಫೌಲ್. 2003ರ ಪ್ಯಾರಿಸ್ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಅಂಜು ಬಾಬಿ ಜಾರ್ಜ್ ಭಾರತಕ್ಕೆ ಕಂಚು ತಂದದ್ದು 6.70 ಮೀಟರ್ ಜಿಗಿತದಿಂದ. ಕಣ್ಣಿಗೆ ಕಾಣುವುದು ಗಾಳಿಯಲ್ಲಿನ ಆ ಜಿಗಿತ. ಅದು ಕೂಡಿಬರುವುದು ಅದಕ್ಕಿಂತ ಮೊದಲಿನ ಓಟ ಮತ್ತು ಹಲಗೆಯ ಮೇಲಿನ ಒಂದು ಹೆಜ್ಜೆಯಿಂದ.

ವಿಮಾನದಲ್ಲೂ ಹೀಗೆಯೇ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಮರಳುನೆಲದಲ್ಲಿ ಆರ್ವಿಲ್ ರೈಟ್ ಹಾರಿದ್ದು 12 ಸೆಕೆಂಡು, 120 ಅಡಿ. ಎಲ್ಲರಿಗೂ ಗೊತ್ತಿರುವುದು ಇಷ್ಟು. ಅದರ ಹಿಂದಿನ ವಿವರ ನೋಡಿ. ವಿಮಾನಕ್ಕೆ ಚಕ್ರಗಳಿರಲಿಲ್ಲ, ಅದು ಜಾರಿಬಂದದ್ದು 60 ಅಡಿ ಉದ್ದದ ಮರದ ಹಳಿಯ ಮೇಲೆ. ಎಂಜಿನ್ ಕಟ್ಟಿಕೊಟ್ಟದ್ದು ರೈಟ್ ಸಹೋದರರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ಅಣ್ಣ ವಿಲ್ಬರ್ ರೆಕ್ಕೆಯ ತುದಿ ಹಿಡಿದು ಪಕ್ಕದಲ್ಲೇ ಓಡಿಬಂದರು. ಆ ದಿನದ ಪ್ರಸಿದ್ಧ ಛಾಯಾಚಿತ್ರದಲ್ಲಿ ವಿಮಾನ ನೆಲ ಬಿಟ್ಟಿದೆ, ವಿಲ್ಬರ್ ಬಲಬದಿಯಲ್ಲಿ ಈಗಷ್ಟೇ ಓಟ ನಿಲ್ಲಿಸಿದ ಭಂಗಿಯಲ್ಲಿದ್ದಾರೆ. ಕ್ಯಾಮೆರಾ ಗುಂಡಿ ಒತ್ತಿದವರು ಸಮೀಪದ ಕಡಲ ರಕ್ಷಣಾ ಠಾಣೆಯ ಜಾನ್ ಡೇನಿಯಲ್ಸ್.

ಅಂದು ಗಂಟೆಗೆ 32ರಿಂದ 43 ಕಿ.ಮೀ. ವೇಗದ ಗಾಳಿ ಎದುರಿನಿಂದ ಬೀಸುತ್ತಿತ್ತು. ಆ ಎದುರುಗಾಳಿ ಹಾರಾಟಕ್ಕೆ ಅಡ್ಡಿಯಾಗಲಿಲ್ಲ, ನೆರವಾಯಿತು. ರೆಕ್ಕೆಗೆ ಎತ್ತುವ ಬಲ ಸಿಗುವುದು ಅದರ ಸುತ್ತ ಹರಿಯುವ ಗಾಳಿಯ ವೇಗದಿಂದ. ಗಾಳಿ ಎದುರಿನಿಂದ ಬಂದಷ್ಟೂ ವಿಮಾನ ಕಡಿಮೆ ಓಟದಲ್ಲಿ ನೆಲ ಬಿಡುತ್ತದೆ. ಇಂದಿಗೂ ವಿಮಾನಗಳು ಸಾಧ್ಯವಾದಷ್ಟೂ ಗಾಳಿಗೆ ಮುಖಮಾಡಿಯೇ ಏರುತ್ತವೆ. ಆದರೆ ಮಾತಿನ ಲಕ್ಷ್ಯಾರ್ಥದಲ್ಲಿ ಎದುರುಗಾಳಿ ಎಂದರೆ ವಿರೋಧ, ವಿಘ್ನ. ಅರ್ಥಶಾಸ್ತ್ರದ ಸುದ್ದಿಗಳಲ್ಲಂತೂ 'ಜಾಗತಿಕ ಎದುರುಗಾಳಿ' ಯಾವಾಗಲೂ ಕೆಟ್ಟದ್ದೇ. ಮೇಲೇರಿದ ಮೇಲೆ ಆ ಮಾತು ಸರಿ, ಏರುವ ಗಳಿಗೆಯಲ್ಲಿ ತಪ್ಪು. ಹೊಸದಾಗಿ ಶುರುವಾಗುವ ಕೆಲಸಕ್ಕೆ ವಿರೋಧವೇ ಎತ್ತುವ ಬಲವಾಗುವುದುಂಟು ಎಂಬ ತಿಳಿವು ವಾಚ್ಯಾರ್ಥದಲ್ಲಿ ಇದೆ, ಲಕ್ಷ್ಯಾರ್ಥದಲ್ಲಿ ಕಳೆದುಹೋಗಿದೆ.

ಇಂದಿನ ಪ್ರಯಾಣಿಕ ವಿಮಾನದ ಕಾಕ್‌ಪಿಟ್ಟಿನಲ್ಲಿ ಆ ಅರ್ಧ ನಿಮಿಷ ಹೇಗಿರುತ್ತದೆ ನೋಡೋಣ. ವಿಮಾನ ರನ್‌ವೇ ಮೇಲೆ ಓಡುತ್ತಿರುವಾಗ ಕ್ಯಾಪ್ಟನ್ ಕೈ ಎಂಜಿನ್ ಶಕ್ತಿ ನಿಯಂತ್ರಿಸುವ ಲಿವರ್‌ಗಳ ಮೇಲಿರುತ್ತದೆ. ಏನಾದರೂ ಕೆಟ್ಟರೆ ತಕ್ಷಣ ಹಿಂದಕ್ಕೆಳೆದು ವಿಮಾನ ನಿಲ್ಲಿಸಬೇಕು. ಜೊತೆಯ ಪೈಲಟ್ ವೇಗಮಾಪಕದ ಮೇಲೆ ಕಣ್ಣಿಟ್ಟು, ಲೆಕ್ಕ ಹಾಕಿಟ್ಟ ಒಂದು ವೇಗ ಬಂದೊಡನೆ 'ವಿ ಒನ್' ಎಂದು ಕೂಗುತ್ತಾರೆ. ಕ್ಯಾಪ್ಟನ್ ಲಿವರ್‌ಗಳಿಂದ ಕೈ ತೆಗೆಯುತ್ತಾರೆ. ಇನ್ನು ನಿಲ್ಲಿಸಿದರೆ ರನ್‌ವೇ ಸಾಲದು. ಒಂದು ಎಂಜಿನ್ ಕೈಕೊಟ್ಟರೂ ಏರಲೇಬೇಕು. ಕ್ಷಣಗಳಲ್ಲೇ 'ರೊಟೇಟ್' ಎಂಬ ಕೂಗು, ವಿಮಾನದ ಮೂತಿ ಮೇಲೇಳುತ್ತದೆ. ನಾವು ಹೆಚ್ಚಾಗಿ ಓಡಾಡುವ ಸಾಧಾರಣ ಗಾತ್ರದ ಜೆಟ್ ವಿಮಾನದಲ್ಲಿ ಆಗಿನ ವೇಗ ಗಂಟೆಗೆ ಸುಮಾರು 250ರಿಂದ 280 ಕಿ.ಮೀ. ಪ್ರತಿ ಹಾರಾಟಕ್ಕೂ ವಿಮಾನದ ತೂಕ, ಗಾಳಿ, ಬಿಸಿಲು, ರನ್‌ವೇ ಉದ್ದ ಎಲ್ಲ ನೋಡಿ ಈ ವೇಗಗಳನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ.

ಜಾಗದ ಎತ್ತರವೂ ಈ ಲೆಕ್ಕಕ್ಕೆ ಸೇರುತ್ತದೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಕಡಲತೀರಕ್ಕಿಂತ ಶೇ. 8–9ರಷ್ಟು ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಬಲ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಹಾಗಾಗಿ ಅದೇ ವಿಮಾನ ಅದೇ ತೂಕ ಹೊತ್ತು ಕಡಲತೀರದಲ್ಲಿ ಓಡುವುದಕ್ಕಿಂತ ಇಲ್ಲಿ ಹೆಚ್ಚು ದೂರ ಓಡಬೇಕು. ಇಲ್ಲಿನ ಎರಡೂ ರನ್‌ವೇಗಳು ತಲಾ 4 ಕಿ.ಮೀ. ಉದ್ದವಿವೆ.

ಒಂದು ದೇಶದ ಟೇಕಾಫ್

ಈ ವಾಚ್ಯ ಚಿತ್ರವನ್ನು ಕಣ್ಣ ಮುಂದಿಟ್ಟುಕೊಂಡು, 20ನೇ ಶತಮಾನದಲ್ಲಿ ಈ ಪದದ ಅತಿ ದೊಡ್ಡ ಲಾಕ್ಷಣಿಕ ಬಳಕೆಗೆ ಬರೋಣ. ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಟ್ ವಿಟ್ಮನ್ ರಾಸ್ಟೊ 1956ರಲ್ಲಿ ಬರೆದ ಲೇಖನದಲ್ಲಿ ಈ ರೂಪಕವನ್ನು ಮುಂದಿಟ್ಟು, 1960ರ 'ದಿ ಸ್ಟೇಜಸ್ ಆಫ್ ಎಕನಾಮಿಕ್ ಗ್ರೋತ್' ಪುಸ್ತಕದಲ್ಲಿ ದೇಶಗಳ ಬೆಳವಣಿಗೆಯನ್ನು ಐದು ಹಂತಗಳಾಗಿ ಕಂಡರು. ಸಾಂಪ್ರದಾಯಿಕ ಸಮಾಜ, ಪೂರ್ವಸಿದ್ಧತೆ, ಟೇಕ್ ಆಫ್, ಪ್ರೌಢತೆಯತ್ತ ಸಾಗುವ ಹಂತ, ಕೊನೆಗೆ ಜನಸಾಮಾನ್ಯರೂ ಧಾರಾಳವಾಗಿ ಕೊಳ್ಳುವ ಕಾಲ. ಟೇಕ್ ಆಫ್ ಹಂತದಲ್ಲಿ ಉತ್ಪಾದಕ ಹೂಡಿಕೆ ರಾಷ್ಟ್ರೀಯ ಆದಾಯದ ಶೇ. 5ರ ಆಸುಪಾಸಿನಿಂದ ಶೇ. 10ಕ್ಕಿಂತ ಮೇಲೇರುತ್ತದೆ, ಅಲ್ಲಿಂದಾಚೆ ಬೆಳವಣಿಗೆ ತನ್ನಷ್ಟಕ್ಕೆ ತಾನೇ ಸಾಗುತ್ತದೆ ಎಂಬುದು ಅವರ ವಾದ. ಬ್ರಿಟನ್ನಿಗೆ ಅವರು ಕೊಟ್ಟ ಕಾಲ 1783–1802, ಜಪಾನಿಗೆ 1878–1900. ಅರ್ಜೆಂಟಿನಾ 1935ರಲ್ಲಿ, ಭಾರತ 1952ರಲ್ಲಿ ನೆಲ ಬಿಡಲು ಆರಂಭಿಸಿತು ಎಂದು ಅವರ ಪಟ್ಟಿ ಹೇಳಿತು.

ಹೊಸದಾಗಿ ಸ್ವಾತಂತ್ರ್ಯ ಪಡೆದ ದೇಶಗಳಿಗೆ ಈ ರೂಪಕ ಬಹಳ ಹಿಡಿಸಿತು. ಬಡತನದ ನೆಲವನ್ನು ಒಮ್ಮೆ ಬಿಟ್ಟರೆ ಸಾಕು ಎಂಬ ಭರವಸೆ ಅದರಲ್ಲಿತ್ತು. 1961ರಲ್ಲಿ ಶುರುವಾದ ನಮ್ಮ ಮೂರನೇ ಪಂಚವಾರ್ಷಿಕ ಯೋಜನೆ ಸ್ವಾವಲಂಬಿಯಾಗಿ, ತನ್ನ ಬಲದಿಂದಲೇ ಬೆಳೆಯುವ ಅರ್ಥವ್ಯವಸ್ಥೆಯನ್ನು ಗುರಿಯಾಗಿಸಿಕೊಂಡಿತ್ತು. ಆಮೇಲೆ ಆದದ್ದು ಗೊತ್ತೇ ಇದೆ. 1962ರಲ್ಲಿ ಚೀನಾ ಜೊತೆ ಯುದ್ಧ, 1965ರಲ್ಲಿ ಪಾಕಿಸ್ತಾನದ ಜೊತೆ ಯುದ್ಧ, 1965–66ರ ಬರ. 1966ರಿಂದ 1969ರವರೆಗೆ ಪಂಚವಾರ್ಷಿಕ ಯೋಜನೆಗೇ ಬಿಡುವು ಕೊಡಬೇಕಾಯಿತು. 1950ರಿಂದ 1980ರವರೆಗೆ ದೇಶದ ಬೆಳವಣಿಗೆ ದರ ವರ್ಷಕ್ಕೆ ಸರಾಸರಿ ಶೇ. 3.5ರ ಆಸುಪಾಸಿನಲ್ಲೇ ಇತ್ತು. 1935ರಲ್ಲೇ ಏರಿತೆಂದ ಅರ್ಜೆಂಟಿನಾ ಆಮೇಲೆ ಬಿಕ್ಕಟ್ಟಿನಿಂದ ಬಿಕ್ಕಟ್ಟಿಗೆ ಬಿತ್ತು. ರಾಸ್ಟೊ ಹೇಳಿದ ಥಟ್ಟನೆಯ ಏರಿಕೆಗೆ ಅಂಕಿಅಂಶಗಳ ಬೆಂಬಲವಿಲ್ಲ ಎಂದು ಸೈಮನ್ ಕುಜ್ನೆಟ್ಸ್ ಆಗಲೇ ಎಚ್ಚರಿಸಿದ್ದರು. ಅವರಿಗೆ 1971ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ತಪ್ಪಿದ್ದೆಲ್ಲಿ? ಲಕ್ಷ್ಯಾರ್ಥವು ವಾಚ್ಯಾರ್ಥದಿಂದ ಮೇಲೇರುವ ಸೊಗಸನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ನೆಲದಲ್ಲೇ ಬಿಟ್ಟಿತು. ಏರಿದ ವಿಮಾನ ತನ್ನಷ್ಟಕ್ಕೆ ತಾನೇ ಹಾರುವುದಿಲ್ಲ. ಇಂಧನ ಉರಿಯುತ್ತಲೇ ಇರಬೇಕು, ಎಂಜಿನ್ ದುಡಿಯುತ್ತಲೇ ಇರಬೇಕು, ಕೆಳಗಿನಿಂದ ದಾರಿ ಹೇಳುವವರು ಇರಬೇಕು. ರಾಸ್ಟೊ ಪೂರ್ವಸಿದ್ಧತೆಯನ್ನು ಒಂದು ಹಂತವೆಂದೇ ಗುರುತಿಸಿದ್ದರು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಟೇಕ್ ಆಫ್ ಒಂದೇ. ರೂಪಕದ ಬಲ ಅಷ್ಟು, ಅದರ ಅಪಾಯವೂ ಅಷ್ಟು.

ವ್ಯಾಕರಣವೂ ಈ ಮರೆವಿಗೆ ಕೈಜೋಡಿಸುತ್ತದೆ. ಬೂಟು ತೆಗೆಯುವ ಟೇಕ್ ಆಫ್ ಸಕರ್ಮಕ: ಯಾರೋ ಏನನ್ನೋ ತೆಗೆಯುತ್ತಾರೆ. ಹಾರಾಟದ ಟೇಕ್ ಆಫ್ ಅಕರ್ಮಕ: ವಿಮಾನ ಏರಿತು, ಅಷ್ಟೆ. ಯಶಸ್ಸಿನ ಲಕ್ಷ್ಯಾರ್ಥ ಈ ಎರಡನೆಯದರ ಹಾದಿ ಹಿಡಿದಿದೆ. 'ಅವಳ ವೃತ್ತಿಜೀವನ ಟೇಕಾಫ್ ಆಯಿತು' ಎಂದಾಗ ವಾಕ್ಯದಲ್ಲಿ ಓದಿಸಿದ ತಾಯಿಗೆ ಜಾಗವಿಲ್ಲ, ಮೊದಲ ಅವಕಾಶ ಕೊಟ್ಟವರಿಗೆ ಜಾಗವಿಲ್ಲ, ರೆಕ್ಕೆ ಹಿಡಿದು ಓಡಿಬಂದ ಅಣ್ಣನಿಗೂ ಜಾಗವಿಲ್ಲ. ಮಾತು ಅವರನ್ನು ಮರೆಸುತ್ತದೆ ಎಂಬ ಕಾರಣಕ್ಕೇ ಬರೆಯುವವರು ಅವರನ್ನು ನೆನೆಯಬೇಕು. ಬೆಂಗಳೂರಿನಲ್ಲೇ ಇದಕ್ಕೊಂದು ಉದಾಹರಣೆಯಿದೆ. ದೇಶೀಯ ಯುದ್ಧವಿಮಾನ ತೇಜಸ್ ಎಚ್‌ಎಎಲ್ ನಿಲ್ದಾಣದಿಂದ ಮೊದಲ ಬಾರಿ ಏರಿದ್ದು 2001ರ ಜನವರಿ 4ರಂದು. ಅದನ್ನು ರೂಪಿಸಲು ಏರೊನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾದದ್ದು 1984ರಲ್ಲಿ. ವಾಯುಪಡೆಯ ಮೊದಲ ತೇಜಸ್ ಸ್ಕ್ವಾಡ್ರನ್ ರೂಪುಗೊಂಡದ್ದು 2016ರಲ್ಲಿ. ಟೇಕಾಫ್‌ಗೆ ಮುನ್ನ 17 ವರ್ಷ, ಟೇಕಾಫ್ ಆದ ಮೇಲೂ 15 ವರ್ಷ. ಆ ಒಂದು ಗಳಿಗೆಯ ಎರಡೂ ಕಡೆ ಸಾವಿರಾರು ಜನರ ದುಡಿಮೆಯಿದೆ.

ಕನ್ನಡಕ್ಕೆ ಬಂದ ಟೇಕಾಫ್

ಕನ್ನಡ ಈ ಪದವನ್ನು ಪಡೆದ ರೀತಿಯೂ ಗಮನಿಸುವಂಥದ್ದು. ಇಂಗ್ಲಿಷಿನ ಹತ್ತಾರು ಅರ್ಥಗಳಲ್ಲಿ ನಾವು ತೆಗೆದುಕೊಂಡದ್ದು ಒಂದೇ ಕವಲು: ವಿಮಾನದ ಏರಿಕೆ ಮತ್ತು ಅದರಿಂದ ಹುಟ್ಟಿದ ಯಶಸ್ಸು. ಚಪ್ಪಲಿಯನ್ನು ಯಾರೂ 'ಟೇಕಾಫ್ ಮಾಡು' ಎನ್ನುವುದಿಲ್ಲ; ಅದಕ್ಕೆ ತೆಗೆ, ಬಿಚ್ಚು, ಕಳಚು ಇವೆ. ಅಣಕಕ್ಕೆ ಅಣಕ ಇದೆ. ನಮ್ಮಲ್ಲಿ ಪದವಿರದ ಕಡೆ ಮಾತ್ರ ಹೊರಗಿನದು ಬಂತು. ಬಂದ ಮೇಲೆ ಅದು ಕನ್ನಡದ ಕಟ್ಟಳೆಗೆ ಒಳಪಟ್ಟಿತು. ಎರಡು ಪದಗಳು ಸಂಧಿಯಾಗಿ ಒಂದು ನಾಮಪದವಾದವು, ಹಿಂದೆ 'ಆಗು' ಸೇರಿತು: ಟೇಕಾಫ್ ಆಯ್ತು.

'ಪಿಕಪ್' ಕಥೆ ಇನ್ನೂ ಸ್ವಾರಸ್ಯದ್ದು. ಮೂಲದ ಅರ್ಥ ಬಗ್ಗಿ ಎತ್ತಿಕೊಳ್ಳುವುದು. ಕನ್ನಡದಲ್ಲಿ ನೆಲದ ಮೇಲಿನ ಪೆನ್ನನ್ನು ಯಾರೂ ಪಿಕಪ್ ಮಾಡುವುದಿಲ್ಲ. ಬಸ್ ಸ್ಟ್ಯಾಂಡಿನಿಂದ ಅತ್ತೆಯವರನ್ನು ಪಿಕಪ್ ಮಾಡುತ್ತೇವೆ. ಗ್ಯಾರೇಜಿನಲ್ಲಿ 'ಗಾಡಿಗೆ ಪಿಕಪ್ಪೇ ಇಲ್ಲ' ಎನ್ನುತ್ತೇವೆ. ಅಂಗಡಿಯವರು 'ಹಬ್ಬ ಹತ್ರ ಬಂದಂಗೆ ವ್ಯಾಪಾರ ಪಿಕಪ್ ಆಗುತ್ತೆ' ಎನ್ನುತ್ತಾರೆ. ವಾಚ್ಯಾರ್ಥವನ್ನು ಇಂಗ್ಲಿಷಿನಲ್ಲೇ ಬಿಟ್ಟು ಲಕ್ಷ್ಯಾರ್ಥಗಳನ್ನಷ್ಟೇ ತಂದುಕೊಂಡಿದ್ದೇವೆ. ಬ್ರೇಕ್‌ಡೌನ್, ಸೆಟಪ್, ಬ್ರೇಕಪ್‌ಗಳೂ ಹೀಗೆಯೇ ಬಂದವು. ಆಡುಮಾತಿಗೆ ಇದರಿಂದ ನಷ್ಟವಿಲ್ಲ. ಆದರೆ ಈ ಪದಗಳು ನಮ್ಮ ಬಾಯಲ್ಲಿ ನೆಲವಿಲ್ಲದೆ ಬಂದಿವೆ. ಅವು ಯಾವ ಕ್ರಿಯೆಯಿಂದ ಹುಟ್ಟಿದವು ಎಂಬುದು ಕನ್ನಡ ಬರಹಗಾರನ ಕಣ್ಣಿಗೆ ತಾನಾಗಿ ಕಾಣುವುದಿಲ್ಲ. ಅದನ್ನು ಹುಡುಕಿ ನೋಡಬೇಕಾಗುತ್ತದೆ.

ನೆಲಕಚ್ಚುವುದೆಂದರೆ

ನಮ್ಮದೇ ಪದಗಳ ವಾಚ್ಯಾರ್ಥವೂ ಕೈಜಾರುತ್ತಿರುವುದು ಹೆಚ್ಚು ಕಳವಳದ ಸಂಗತಿ. ಟೇಕಾಫ್‌ಗೆ ಎದುರಾಗಿ ಕನ್ನಡದಲ್ಲಿ ಅದ್ಭುತವಾದ ಒಂದು ಕ್ರಿಯಾಪದವಿದೆ: ನೆಲಕಚ್ಚು. ಷೇರುಪೇಟೆ ನೆಲಕಚ್ಚಿತು, ಸಿನಿಮಾ ನೆಲಕಚ್ಚಿತು ಎಂದು ದಿನವೂ ಓದುತ್ತೇವೆ. ಅದರ ವಾಚ್ಯಾರ್ಥ ನೋಡಬೇಕಾದರೆ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಹೊಡೆದ ಮರುದಿನ ಗದ್ದೆಯ ಬದುವಿನ ಮೇಲೆ ನಿಲ್ಲಬೇಕು. ತೆನೆ ತುಂಬಿ ಬಾಗಿದ್ದ ಭತ್ತದ ಪೈರು ಗಾಳಿಮಳೆಗೆ ಬುಡದಿಂದಲೇ ಮಲಗಿ, ತೆನೆ ಕೆಸರಿಗೆ ಅಂಟಿಕೊಂಡಿರುತ್ತದೆ. ನೀರು ಬಸಿಯದಿದ್ದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಕಟಾವು ಯಂತ್ರಕ್ಕೆ ಸರಿಯಾಗಿ ಸಿಗುವುದಿಲ್ಲ. ಕುಡುಗೋಲು ಹಿಡಿದು ಎತ್ತಿ ಎತ್ತಿ ಕೊಯ್ಯಬೇಕು, ಕೂಲಿಯೂ ಹೆಚ್ಚು.

ಇದನ್ನು ಕಂಡ ರೈತ 'ನೆಲಕಚ್ಚಿತು' ಎಂದಾಗ ಅದರಲ್ಲಿ ಮೂರು ಸಂಗತಿಗಳಿರುತ್ತವೆ. ಬಿದ್ದದ್ದು ಬರಡು ಪೈರಲ್ಲ, ಫಲ ತುಂಬಿದ್ದು. ಬೀಳಿಸಿದ್ದು ಹೊರಗಿನ ಹೊಡೆತ. ಬೇಗ ನೀರು ಬಸಿದು ಕೊಯ್ದರೆ ಒಂದಷ್ಟು ಉಳಿಯುತ್ತದೆ. ಕಥೆಯೇ ಗಟ್ಟಿಯಿಲ್ಲದೆ ಮೊದಲ ದಿನವೇ ಸೋತ ಸಿನಿಮಾಕ್ಕೆ ಈ ಪದ ಒಪ್ಪುವುದಿಲ್ಲ. ಚೆನ್ನಾಗಿ ಓಡುತ್ತಿದ್ದು ಲಾಕ್‌ಡೌನ್ ಹೊಡೆತಕ್ಕೆ ಬಿದ್ದ ಸಿನಿಮಾಕ್ಕೆ ಸರಿಯಾಗಿ ಒಪ್ಪುತ್ತದೆ. ಗದ್ದೆ ನೆನಪಿದ್ದರೆ ಈ ವ್ಯತ್ಯಾಸ ತಾನೇ ಹೊಳೆಯುತ್ತದೆ. ನೆನಪಿಲ್ಲದಿದ್ದರೆ ನೆಲಕಚ್ಚು, ಕುಸಿ, ಮುಗ್ಗರಿಸು, ಮಕಾಡೆ ಮಲಗು ಎಲ್ಲವೂ ಒಂದೇ ಆಗಿ, ಭಾಷೆ ತನ್ನ ಹದವನ್ನು ಕಳೆದುಕೊಳ್ಳುತ್ತದೆ.

ಕಲಿಯುವವರಿಗೆ, ಕಲಿಸುವವರಿಗೆ, ಬರೆಯುವವರಿಗೆ

ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಫ್ರೇಸಲ್ ವರ್ಬ್‌ಗಳನ್ನು ಅಕಾರಾದಿ ಪಟ್ಟಿಯಲ್ಲಿ ಕೊಡುವುದನ್ನು ನಿಲ್ಲಿಸೋಣ. ಮೊದಲು ಕೈಯಿಂದ ಮಾಡಿಸೋಣ. ತರಗತಿಯಲ್ಲಿ ಟೋಪಿ ತೆಗೆಯಲಿ, ಡಬ್ಬಿಯ ಮುಚ್ಚಳ ತೆಗೆಯಲಿ. 'ಟೇಕ್ ಆಫ್ ಯುವರ್ ಕ್ಯಾಪ್', 'ಟೇಕ್ ಯುವರ್ ಕ್ಯಾಪ್ ಆಫ್' ಎರಡೂ ಸರಿ. ಆದರೆ ಸರ್ವನಾಮ ಬಂದಾಗ 'ಟೇಕ್ ಇಟ್ ಆಫ್' ಮಾತ್ರ ಸರಿ, 'ಟೇಕ್ ಆಫ್ ಇಟ್' ತಪ್ಪು ಎಂಬ ನಿಯಮವನ್ನು ಕೈಯಲ್ಲಿ ಟೋಪಿ ಹಿಡಿದೇ ಹೇಳೋಣ. ಅದು ಮೈಗೂಡಿದ ಮೇಲೆ ವಿಮಾನಕ್ಕೆ ಹೋಗೋಣ, ಆಮೇಲೆ ವ್ಯಾಪಾರಕ್ಕೆ, ವೃತ್ತಿಗೆ. ಪಕ್ಕದಲ್ಲಿ ಕನ್ನಡದ 'ತೆಗೆ' ಇಟ್ಟು ತೋರಿಸಿದರೆ ಕನ್ನಡ ಮಾಧ್ಯಮದ ಮಗುವಿಗೆ ತನ್ನ ಭಾಷೆ ಇಂಗ್ಲಿಷಿಗೆ ಅಡ್ಡಿಯಲ್ಲ, ಆಸರೆ ಎಂಬುದೂ ತಿಳಿಯುತ್ತದೆ. ಮುಂದೆ ಸಂದರ್ಶನದಲ್ಲೋ ಕಚೇರಿಯಲ್ಲೋ ಹೊಸ ಜೋಡಿಪದ ಎದುರಾದಾಗ ಆ ಮಗು ಗಾಬರಿಯಾಗುವುದಿಲ್ಲ. ಇದರ ಹಿಂದಿನ ಕ್ರಿಯೆ ಏನಿರಬಹುದು ಎಂದು ಕೇಳಿಕೊಂಡು ಅರ್ಥಕ್ಕೆ ದಾರಿ ಮಾಡಿಕೊಳ್ಳುತ್ತದೆ.

ಬರೆಯುವವರಿಗೂ ಒಂದು ವಿನಂತಿ. ಒಂದು ಯೋಜನೆ, ಒಂದು ಉದ್ಯಮ, ಒಂದು ಊರು 'ಟೇಕಾಫ್ ಆಯಿತು' ಎಂದು ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಅದು ಎಷ್ಟು ದೂರ ಓಡಿತು? ಯಾರು ಜೊತೆಯಲ್ಲಿ ಓಡಿದರು? ಮುಂದಿನ ದಾರಿಗೆ ಇಂಧನ ಇದೆಯೇ? ಮೂರಕ್ಕೂ ಉತ್ತರ ಸಿಕ್ಕರೆ ಆ ಪದವನ್ನು ಧಾರಾಳವಾಗಿ ಬಳಸಿ, ಉತ್ತರಗಳನ್ನೂ ಜೊತೆಗೇ ಬರೆಯಿರಿ. ಸಿಗದಿದ್ದರೆ 'ಶುರುವಾಯಿತು' ಎನ್ನಿ. ಅದು ಸತ್ಯವಾದ ಪದ, ಅಷ್ಟು ಸಾಕು.